ತೂಕಕ್ಕೆ ತಕ್ಕಂತೆ ಸಸ್ಪೆನ್ಷನ್ ಹೊಂದಿಸುವುದು ಹೇಗೆ? ಡೊಂಬಿವಲಿ, ಕಲ್ಯಾಣ್, ಥಾಣೆಯ ಬೈಕ್ ಮತ್ತು ಎಟಿವಿ ಸವಾರರು ತಿಳಿಯಬೇಕಾದ ವಿಷಯಗಳು

ಬೆಳಿಗ್ಗೆ ಒಬ್ಬರೇ ಬೈಕ್ ಏರಿ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗೆ ಹೊರಡುತ್ತಾರೆ. ಸಂಜೆ ಅದೇ ಬೈಕಿನಲ್ಲಿ ಪತ್ನಿಯನ್ನು ಕೂರಿಸಿಕೊಂಡು ಕಲ್ಯಾಣ್ ಮಾರುಕಟ್ಟೆಗೆ ಹೋಗಿ, ಬರುವಾಗ ಎರಡು ಚೀಲ ತರಕಾರಿಯನ್ನೂ ತರುತ್ತಾರೆ. ಹಿಂದಿನ ಚಕ್ರದ ಮೇಲೆ ಬೀಳುವ ಭಾರ ಬೆಳಗಿನದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಆದರೆ ಹಿಂಬದಿಯ ಸಸ್ಪೆನ್ಷನ್ ಮಾತ್ರ ಶೋರೂಮಿನಿಂದ ಹೊರಬಂದ ದಿನ ಯಾವ ಹಂತದಲ್ಲಿತ್ತೋ ಅದೇ ಹಂತದಲ್ಲಿ ಇರುತ್ತದೆ. ಅದನ್ನು ಬದಲಿಸಬಹುದು, ಬದಲಿಸಲು ಬೇಕಾದ ಪಾನಾ ಸೀಟಿನ ಕೆಳಗಿನ ಟೂಲ್‌ಕಿಟ್‌ನಲ್ಲೇ ಇರಬಹುದು ಎಂಬುದು ಬಹಳಷ್ಟು ಸವಾರರಿಗೆ ಗೊತ್ತಿಲ್ಲ.

ಮಳೆಗಾಲದ ಥಾಣೆ ಜಿಲ್ಲೆಯಲ್ಲಿ ಇದು ಕೇವಲ ಸೊಂಟನೋವಿನ ಪ್ರಶ್ನೆ ಅಲ್ಲ. 2018ರ ಜುಲೈನಲ್ಲಿ ಕಲ್ಯಾಣದ ಶಿವಾಜಿ ಚೌಕದಲ್ಲಿ ಬೈಕ್ ಆಯತಪ್ಪಿ, ಹಿಂದೆ ಕುಳಿತಿದ್ದ ಮಹಿಳೆ ರಸ್ತೆಗೆ ಬಿದ್ದು ಬಸ್ಸಿನ ಚಕ್ರಕ್ಕೆ ಸಿಲುಕಿ ಮೃತಪಟ್ಟ ಸಿಸಿಟಿವಿ ದೃಶ್ಯವನ್ನು ಆ ಭಾಗದವರು ಇನ್ನೂ ಮರೆತಿಲ್ಲ. ಆ ಮಳೆಗಾಲದಲ್ಲಿ ಕಲ್ಯಾಣ್ ಪರಿಸರದಲ್ಲಿ ಗುಂಡಿಗಳಿಂದಾದ ಸಾವು ಅದೊಂದೇ ಆಗಿರಲಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಗುಂಡಿಗಳ ಕಾರಣದಿಂದ ಎಂದು ದಾಖಲಾದ ಸಾವುಗಳು 1,856.

ರಸ್ತೆಯನ್ನು ಸವಾರ ದುರಸ್ತಿ ಮಾಡಲಾರ. ತನ್ನ ವಾಹನ ಗುಂಡಿಯನ್ನು ಹೇಗೆ ಎದುರಿಸುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ಮಟ್ಟಿಗೆ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು. ಇದೇ ಲೆಕ್ಕ ಕೊಂಕಣದ ಕಡಲತೀರಗಳಲ್ಲಿ, ರೆಸಾರ್ಟ್‌ಗಳಲ್ಲಿ ಓಡುವ ನಾಲ್ಕು ಚಕ್ರದ ಎಟಿವಿಗಳಿಗೂ ಅನ್ವಯಿಸುತ್ತದೆ. ಮೊದಲು ದಿನನಿತ್ಯದ ಬೈಕ್, ಸ್ಕೂಟರ್ ವಿಷಯ ನೋಡೋಣ.

ಶಾಕಪ್ ಒಳಗೆ ಏನಿದೆ?

ಗ್ಯಾರೇಜಿನವರು ‘ಶಾಕಪ್’ ಎಂದು ಕರೆಯುವ ಶಾಕ್ ಅಬ್ಸಾರ್ಬರ್‌ನಲ್ಲಿ ಎರಡು ಬೇರೆ ಬೇರೆ ಸಾಧನಗಳಿವೆ. ಹೊರಗೆ ಕಾಣುವ ಸ್ಪ್ರಿಂಗ್ ಭಾರ ಹೊರುತ್ತದೆ. ಒಳಗಿನ ಕೊಳವೆಯಲ್ಲಿ ಎಣ್ಣೆ, ಕೆಲವು ಮಾದರಿಗಳಲ್ಲಿ ಜೊತೆಗೆ ಅನಿಲ ಇರುತ್ತದೆ. ಸಣ್ಣ ರಂಧ್ರಗಳ ಮೂಲಕ ಎಣ್ಣೆ ಹಾದುಹೋಗುವಾಗ ಉಂಟಾಗುವ ತಡೆಯೇ ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುತ್ತದೆ. ಇದಕ್ಕೆ ಡ್ಯಾಂಪಿಂಗ್ ಎಂದು ಹೆಸರು. ಸ್ಪ್ರಿಂಗ್ ಮಾತ್ರ ಇದ್ದು ಡ್ಯಾಂಪಿಂಗ್ ಇಲ್ಲದಿದ್ದರೆ ಒಂದು ಗುಂಡಿ ದಾಟಿದ ಬೈಕ್ ಮುಂದಿನ ಐವತ್ತು ಮೀಟರ್ ಕುದುರೆಯಂತೆ ಕುಣಿಯುತ್ತಲೇ ಹೋಗುತ್ತದೆ.

ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಬೈಕುಗಳಲ್ಲಿ ಸವಾರ ಬದಲಿಸಬಹುದಾದದ್ದು ಒಂದೇ, ಹಿಂಬದಿ ಸ್ಪ್ರಿಂಗಿನ ‘ಪ್ರೀಲೋಡ್’. ಹೀರೋ ಸ್ಪ್ಲೆಂಡರ್, ಬಜಾಜ್ ಪಲ್ಸರ್ 150ರಂಥ ಬೈಕುಗಳಲ್ಲಿ ಇದಕ್ಕೆ 5 ಹಂತಗಳಿವೆ. 2021ರಲ್ಲಿ ಹೊಸ ರೂಪದಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ 6 ಹಂತ. ಸ್ಕೂಟರ್‌ಗಳಲ್ಲಿ ಹೋಂಡಾ ಆಕ್ಟಿವಾ 6ಜಿ, ಟಿವಿಎಸ್ ಜುಪಿಟರ್ ಮುಂತಾದವುಗಳಿಗೆ 3 ಹಂತ. ಸ್ಪ್ರಿಂಗಿನ ಒಂದು ತುದಿಯಲ್ಲಿ ಮೆಟ್ಟಿಲು ಕೊರೆದಂತೆ ಕಾಣುವ ಲೋಹದ ಬಳೆಯೇ ಆ ಹೊಂದಾಣಿಕೆಯ ಸಾಧನ. ಅದನ್ನು ತಿರುಗಿಸಲು ಕೊಕ್ಕೆಯಾಕಾರದ ಸಿ-ಸ್ಪ್ಯಾನರ್ ಬೇಕು.

‘ಹಾರ್ಡ್’ ಮಾಡಿಕೊಡಿ ಅಂದರೆ ಏನಾಗುತ್ತದೆ?

ಇಲ್ಲೇ ದೊಡ್ಡ ತಪ್ಪು ಕಲ್ಪನೆ ಇರುವುದು. ಬಳೆಯನ್ನು ಮೇಲಿನ ಹಂತಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಸವಾರರೂ ನಂಬುತ್ತಾರೆ, ಎಷ್ಟೋ ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ನಿಜವಾಗಿ ಸ್ಪ್ರಿಂಗಿನ ಗಡಸುತನ ಅದರ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುರುಳಿಗಳ ಸಂಖ್ಯೆಯ ಮೇಲೆ ನಿಂತಿದೆ. ಬಳೆ ತಿರುಗಿಸಿದರೆ ಇವು ಯಾವುವೂ ಬದಲಾಗುವುದಿಲ್ಲ.

ಹಾಗಾದರೆ ಬದಲಾಗುವುದು ಏನು? ಎತ್ತರ. 75 ಕಿಲೋ ತೂಕದ ಸವಾರ ಕುಳಿತಾಗ ಸ್ಪ್ರಿಂಗ್ ಹೊರಬೇಕಾದ ಭಾರ ಯಾವ ಹಂತದಲ್ಲಿದ್ದರೂ ಅಷ್ಟೇ. ಆದ್ದರಿಂದ ಸ್ಪ್ರಿಂಗ್ ಕುಗ್ಗುವ ಒಟ್ಟು ಉದ್ದವೂ ಅಷ್ಟೇ. ಬಳೆ ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಒತ್ತಿ ಇಟ್ಟಿದ್ದರೆ, ಸವಾರ ಕುಳಿತಾಗ ಕುಗ್ಗಲು ಉಳಿದಿರುವುದು ಕಡಿಮೆ. ಹೀಗಾಗಿ ಬೈಕಿನ ಹಿಂಭಾಗ ಮೊದಲಿಗಿಂತ ಎತ್ತರದಲ್ಲಿ ನಿಲ್ಲುತ್ತದೆ. ಪ್ರೀಲೋಡ್ ಎಂದರೆ ಇಷ್ಟೇ. ಭಾರ ಹೆಚ್ಚಾದಾಗ ಕುಸಿದ ಹಿಂಭಾಗವನ್ನು ಮತ್ತೆ ಅದರ ಸರಿಯಾದ ಎತ್ತರಕ್ಕೆ ತರುವ ಉಪಾಯ.

ಮತ್ತೆ ‘ಹಾರ್ಡ್ ಮಾಡಿಸಿದ ಮೇಲೆ ಬೈಕ್ ಕುಕ್ಕುತ್ತದೆ’ ಎನ್ನುವವರ ಅನುಭವ ಸುಳ್ಳೇ? ಸುಳ್ಳಲ್ಲ. ಪ್ರೀಲೋಡ್ ಅತಿಯಾದರೆ ಒಬ್ಬ ಸವಾರನ ತೂಕಕ್ಕೆ ಸ್ಪ್ರಿಂಗ್ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಶಾಕಪ್ ತನ್ನ ಪೂರ್ಣ ಉದ್ದಕ್ಕೆ ಚಾಚಿಕೊಂಡೇ ಇರುತ್ತದೆ. ಆಗ ಚಕ್ರ ಮೇಲಕ್ಕೆ ಬರಬಲ್ಲದು, ಆದರೆ ಗುಂಡಿಯೊಳಗೆ ಇಳಿಯಲು ಅದಕ್ಕೆ ಜಾಗ ಇರುವುದಿಲ್ಲ. ಚಕ್ರ ರಸ್ತೆಯಿಂದ ಬಿಟ್ಟು ಗಾಳಿಯಲ್ಲಿ ತೇಲಿ, ಆಚೆ ಅಂಚಿಗೆ ಬಡಿಯುತ್ತದೆ. ಆ ಕ್ಷಣದಲ್ಲಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಕ್ಕೆ ಹಿಡಿತವೇ ಇರುವುದಿಲ್ಲ.

ಕಡಿಮೆಯಾದರೂ ಕಷ್ಟವೇ. ಇಬ್ಬರು ಕುಳಿತು ಹಿಂಭಾಗ ಕುಸಿದರೆ ಶಾಕಪ್‌ಗೆ ಮುಂದೆ ಕುಗ್ಗಲು ಉಳಿಯುವುದು ಎರಡು ಬೆರಳಿನಷ್ಟು ಜಾಗ. ದೊಡ್ಡ ಗುಂಡಿ ಸಿಕ್ಕಾಗ ಅದು ಕೊನೆ ಮುಟ್ಟಿ ‘ಢಬ್’ ಎಂದು ಬಡಿಯುತ್ತದೆ. ಆ ಪೆಟ್ಟು ನೇರ ಹಿಂದೆ ಕುಳಿತವರ ಬೆನ್ನುಮೂಳೆಗೆ. ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕುಳಿತವರು ಹಾರಿ ಬೀಳುವುದು ಇಂಥ ಹೊತ್ತಿನಲ್ಲೇ. ಹಿಂಭಾಗ ಕುಸಿದಾಗ ಮುಂದಿನ ಚಕ್ರದ ಮೇಲಿನ ಭಾರದ ಪಾಲು ಕಡಿಮೆಯಾಗಿ ಹ್ಯಾಂಡಲ್ ಹಗುರಾಗುತ್ತದೆ, ತಿರುವಿನಲ್ಲಿ ಬೈಕ್ ಹೊರಕ್ಕೆ ಎಳೆಯುತ್ತದೆ. ಹೆಡ್‌ಲೈಟ್ ಮೇಲಕ್ಕೆ ಮುಖ ಮಾಡಿ ಎದುರಿನವರ ಕಣ್ಣು ಕುಕ್ಕುತ್ತದೆ, ತನ್ನ ಮುಂದಿನ ಗುಂಡಿಯೇ ಸವಾರನಿಗೆ ಕಾಣುವುದಿಲ್ಲ. ರಾತ್ರಿ ಎದುರಿನ ವಾಹನಗಳು ಪದೇಪದೇ ಡಿಪ್ ಹೊಡೆದು ಎಚ್ಚರಿಸುತ್ತಿದ್ದರೆ ಬಲ್ಬ್ ಬದಲಿಸುವ ಮುನ್ನ ಪ್ರೀಲೋಡ್ ನೋಡುವುದು ಒಳ್ಳೆಯದು.

ಟೇಪ್ ಹಿಡಿದು ಅಳೆಯಿರಿ

ಯಾವ ಹಂತ ಸರಿ ಎಂಬುದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ದರ್ಜಿಯ ಟೇಪ್ ಸಾಕು. ಜೊತೆಗೆ ಇಬ್ಬರು ಸ್ನೇಹಿತರು ಬೇಕು.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ನೆಲ ಬಿಟ್ಟಿರುವಂತೆ ನೋಡಿಕೊಳ್ಳಿ. ಚಕ್ರದ ಅಚ್ಚಿನ ನಡುವಿನಿಂದ ನೇರ ಮೇಲೆ, ಸೀಟಿನ ಕೆಳಗಿನ ಯಾವುದಾದರೂ ಒಂದು ಸ್ಥಿರ ಬಿಂದುವಿಗೆ ಗುರುತು ಹಾಕಿ ಅಂತರ ಅಳೆಯಿರಿ. ಇದು ಮೊದಲ ಅಳತೆ. ಬಳಿಕ ಸ್ಟ್ಯಾಂಡ್ ಇಳಿಸಿ, ಯಾರೂ ಕೂರದೆ ಬೈಕನ್ನು ನೇರ ನಿಲ್ಲಿಸಿ ಅಳೆಯಿರಿ. ಇದು ಎರಡನೆಯದು. ಕೊನೆಗೆ ಹೆಲ್ಮೆಟ್, ಬ್ಯಾಗ್ ಸಮೇತ ಸವಾರ ಕುಳಿತು, ಕಾಲನ್ನು ಫುಟ್‌ರೆಸ್ಟ್ ಮೇಲಿಟ್ಟು, ಒಬ್ಬರು ಹ್ಯಾಂಡಲ್ ಹಿಡಿದಿರುವಾಗ ಇನ್ನೊಬ್ಬರು ಅಳೆಯಬೇಕು. ಪ್ರತಿ ಬಾರಿಯೂ ಅಳೆಯುವ ಮುನ್ನ ಬೈಕನ್ನು ಎರಡು ಸಲ ಒತ್ತಿ ಬಿಡಿ. ಇಲ್ಲವಾದರೆ ಶಾಕಪ್ ಸಿಕ್ಕಿಕೊಂಡು ಅಳತೆ ತಪ್ಪುತ್ತದೆ. ಮೊದಲ ಅಳತೆಯಿಂದ ಮೂರನೆಯದನ್ನು ಕಳೆದರೆ ಸಿಗುವುದು ಸವಾರನ ತೂಕಕ್ಕೆ ಹಿಂಭಾಗ ಕುಸಿದ ಪ್ರಮಾಣ. ಇದಕ್ಕೆ ‘ಸ್ಯಾಗ್’ ಎನ್ನುತ್ತಾರೆ. ಚಕ್ರದ ಒಟ್ಟು ಚಲನೆಯಲ್ಲಿ ಇದು ಶೇ. 25ರಿಂದ 33ರ ನಡುವೆ ಇರಬೇಕು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ನಿಯಮ. ಉಳಿದ ಮೂರನೇ ಎರಡು ಪಾಲು ಉಬ್ಬು ಬಂದಾಗ ಕುಗ್ಗಲು. ಕುಸಿದಿರುವ ಒಂದು ಪಾಲು ಗುಂಡಿಯೊಳಗೆ ಚಕ್ರ ಇಳಿದು ನೆಲ ಬಿಡದಿರಲು.

ಒಂದು ಉದಾಹರಣೆ. ಹಿಂದಿನ ಚಕ್ರದ ಒಟ್ಟು ಚಲನೆ 110 ಮಿ.ಮೀ. ಇರುವ ಬೈಕ್ ಎಂದುಕೊಳ್ಳಿ. ಚಕ್ರ ನೆಲ ಬಿಟ್ಟಾಗ ಅಳತೆ 570 ಮಿ.ಮೀ., ಬೈಕ್ ತಾನಾಗಿ ನಿಂತಾಗ 556, 75 ಕಿಲೋದ ಸವಾರ ಕುಳಿತಾಗ 534. ಸ್ಯಾಗ್ 36 ಮಿ.ಮೀ., ಅಂದರೆ ಸುಮಾರು ಶೇ. 33. ಪರವಾಗಿಲ್ಲ. ಈಗ 60 ಕಿಲೋದ ಇನ್ನೊಬ್ಬರು ಹಿಂದೆ ಕೂರುತ್ತಾರೆ. ಅವರ ತೂಕದ ಬಹುಪಾಲು ಹಿಂದಿನ ಚಕ್ರದ ಮೇಲೇ ಬೀಳುವುದರಿಂದ ಅಳತೆ 506ಕ್ಕೆ ಇಳಿಯುತ್ತದೆ. ಸ್ಯಾಗ್ 64 ಮಿ.ಮೀ., ಶೇ. 58. ಗುಂಡಿಗೆ ಉಳಿದದ್ದು 46 ಮಿ.ಮೀ. ಮಾತ್ರ. ಎರಡು ಹಂತ ಏರಿಸಿ ಹಿಂಭಾಗ 15 ಮಿ.ಮೀ. ಮೇಲೆದ್ದರೆ ಉಳಿಕೆ 61 ಮಿ.ಮೀ. ಆಗುತ್ತದೆ. ಶೇ. 33ರ ಆದರ್ಶಕ್ಕೆ ಇದು ಇನ್ನೂ ದೂರ. ಆದರೆ ಢಬ್ ಎಂದು ಬಡಿಯುವುದಕ್ಕೂ ಬಡಿಯದಿರುವುದಕ್ಕೂ ಇರುವ ಅಂತರ ಎಷ್ಟೋ ಸಲ ಆ 15 ಮಿ.ಮೀ.ನಲ್ಲೇ ಅಡಗಿರುತ್ತದೆ.

ಎರಡನೆಯ ಅಳತೆ ಯಾಕೆ ಎಂಬ ಪ್ರಶ್ನೆ ಬರಬಹುದು. ಸ್ಪ್ರಿಂಗೇ ನಿಮಗೆ ಹೊಂದುತ್ತದೋ ಇಲ್ಲವೋ ಎಂದು ತಿಳಿಯುವುದು ಅದರಿಂದ. ಸವಾರ ಕುಳಿತಾಗಿನ ಸ್ಯಾಗ್ ಸರಿಯಾಗಿ ಬಂದಿದೆ, ಆದರೆ ಬೈಕ್ ತಾನಾಗಿ ನಿಂತಾಗ ಒಂದು ಮಿ.ಮೀ. ಕೂಡ ಕುಸಿಯುತ್ತಿಲ್ಲ ಎಂದಾದರೆ ಆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತು. ಪ್ರೀಲೋಡ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ, ಬೇರೆ ಸ್ಪ್ರಿಂಗ್ ಬೇಕು. ತಾನಾಗಿಯೇ ಬಹಳ ಕುಸಿದು, ಸವಾರ ಕುಳಿತಾಗ ಅಷ್ಟೇನೂ ಇಳಿಯದಿದ್ದರೆ ಸ್ಪ್ರಿಂಗ್ ಅಗತ್ಯಕ್ಕಿಂತ ಗಡಸು. 50 ಕಿಲೋದ ಯುವತಿಯರು ಭಾರಿ ಬೈಕ್ ಓಡಿಸುವಾಗ, 100 ಕಿಲೋ ದಾಟಿದವರು ಹಗುರ ಸ್ಕೂಟರ್ ಓಡಿಸುವಾಗ ಈ ಪರೀಕ್ಷೆ ಮಾಡಿ ನೋಡಬೇಕು.

ತಿರುಗಿಸುವಾಗ ಕೆಲವು ಎಚ್ಚರಿಕೆ. ಬೈಕ್ ಸೆಂಟರ್ ಸ್ಟ್ಯಾಂಡ್ ಮೇಲೇ ಇರಲಿ. ಎರಡು ಶಾಕಪ್ ಇರುವ ಬೈಕಿನಲ್ಲಿ ಎಡ-ಬಲ ಎರಡೂ ಒಂದೇ ಹಂತದಲ್ಲಿರಬೇಕು, ಒಂದರಲ್ಲಿ 2 ಇನ್ನೊಂದರಲ್ಲಿ 4 ಇದ್ದರೆ ಹಿಂಭಾಗ ತಿರುಚಿಕೊಳ್ಳುತ್ತದೆ. ಒಂದೊಂದೇ ಹಂತ ಏರಿಸಿ. 1ರಿಂದ ನೇರ 5ಕ್ಕೆ ಅಥವಾ 5ರಿಂದ ಹಿಂದಕ್ಕೆ 1ಕ್ಕೆ ಜಾರಿಸುವುದು ಬೇಡ ಎಂದು ಕೆಲವು ಕಂಪನಿಗಳ ಕೈಪಿಡಿಯಲ್ಲೇ ಇದೆ. ಕೆಸರು ಕಟ್ಟಿ ಬಳೆ ಸಿಕ್ಕಿಕೊಂಡಿದ್ದರೆ ನೀರಿನಲ್ಲಿ ತೊಳೆದು, ಸ್ವಲ್ಪ ಎಣ್ಣೆ ಬಿಟ್ಟು ಕಾಯಿರಿ. ಸುತ್ತಿಗೆ, ಸ್ಕ್ರೂಡ್ರೈವರ್ ಇಟ್ಟು ಹೊಡೆದರೆ ಬಳೆಯ ಮೆಟ್ಟಿಲೇ ಮುರಿಯುತ್ತದೆ. ಆಕ್ಟಿವಾದಂಥ ಸ್ಕೂಟರ್‌ಗಳಲ್ಲಿ ಹಿಂದೆ ಇರುವುದು ಎಡಬದಿಯ ಒಂದೇ ಶಾಕಪ್. ಆ ಜಾಗಕ್ಕೆ ಕೈ ಹೋಗುವುದು ಕಷ್ಟವಾದ್ದರಿಂದ ಸರ್ವಿಸ್ ವೇಳೆ ಮಾಡಿಸಿಕೊಳ್ಳುವುದು ವಾಸಿ.

ದಾರಿ ಯಾವುದು, ಹೊರೆ ಯಾವುದು?

ಒಂದೇ ಜಿಲ್ಲೆಯೊಳಗೆ ರಸ್ತೆಯ ಸ್ವಭಾವ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ ಡೊಂಬಿವಲಿಯಿಂದ ನವಿ ಮುಂಬಯಿಗೆ ಹೋಗುವ ದಾರಿಯೇ ಸಾಕ್ಷಿ. ಭಿವಂಡಿ-ಕಲ್ಯಾಣ್-ಶಿಲ್‌ಫಾಟಾ ರಸ್ತೆ ಸುಮಾರು 21 ಕಿ.ಮೀ. ಕಾಂಕ್ರೀಟ್ ಹಾಸಿನ ಅಗಲ ರಸ್ತೆಯಾದರೂ ಕಲ್ಯಾಣ್-ತಳೋಜಾ ಮೆಟ್ರೋ ಕಾಮಗಾರಿಯಿಂದ ಅಲ್ಲಲ್ಲಿ ಇಕ್ಕಟ್ಟು, ತಿರುವು. ಡೊಂಬಿವಲಿಯ ಒಳರಸ್ತೆಗಳಲ್ಲಿ, ಚೌಕಗಳಲ್ಲಿ ಡಾಂಬರು ಕಿತ್ತ ಕಡೆ ಪೇವರ್ ಬ್ಲಾಕ್ ಹಾಸಿರುತ್ತಾರೆ. ಮಳೆ ಬಿದ್ದೊಡನೆ ಅವು ಒಂದು ಮೇಲೆ ಒಂದು ಕೆಳಗೆ. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಭಾರಿ ಲಾರಿಗಳ ಓಡಾಟ, ಗಾಯ್‌ಮುಖ್ ಘಾಟಿಯಲ್ಲಿ ಏರುತಗ್ಗು. ಇವನ್ನೆಲ್ಲ ದಾಟಿ ನೆರುಳ್ ಬಳಿಯ ಪಾಮ್ ಬೀಚ್ ರಸ್ತೆಗೆ ಬಂದರೆ ಅದೇ ಬೈಕ್ ಬೇರೆಯದೇ ವಾಹನ ಎನಿಸುತ್ತದೆ.

ನಿತ್ಯ ಗುಂಡಿಗಳ ದಾರಿಯಲ್ಲಿ ಒಬ್ಬರೇ ನಿಧಾನವಾಗಿ ಹೋಗುವವರು ಶೇ. 30-33ರ ಸ್ಯಾಗ್ ಇಟ್ಟುಕೊಳ್ಳಬಹುದು. ಪಾಮ್ ಬೀಚ್, ಥಾಣೆ-ಬೇಲಾಪುರ ರಸ್ತೆಗಳಲ್ಲಿ ವೇಗವಾಗಿ ಹೋಗುವವರಿಗೆ ಶೇ. 25ರ ಸುತ್ತಮುತ್ತ ಇದ್ದರೆ ಬೈಕ್ ತಿರುವಿನಲ್ಲಿ ಸ್ಥಿರವಾಗಿರುತ್ತದೆ. ಸಾಮಾನ್ಯ ಬೈಕಿನಲ್ಲಿ ಒಂದು ಹಂತದ ವ್ಯತ್ಯಾಸ ಇದು.

ಹೊರೆಯ ವಿಷಯಕ್ಕೆ ಬಂದರೆ ಈ ಪರಿಸರದ ಕನ್ನಡಿಗರಿಗೆ ಒಂದು ವಿಶೇಷ ಕಾರಣವಿದೆ. ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಹೋಟೆಲ್, ಕ್ಯಾಟರಿಂಗ್ ವ್ಯವಹಾರದಲ್ಲಿರುವವರ ಸ್ಕೂಟರ್‌ಗಳು ಮುಂಜಾನೆಯೇ ಹಿಟ್ಟಿನ ಡಬ್ಬ, ಹಾಲಿನ ಕ್ಯಾನ್, ತೆಂಗಿನಕಾಯಿ ಚೀಲ ಹೊತ್ತು ಓಡುತ್ತವೆ. ಸವಾರನ ಕಾಲಬಳಿಯ ಫುಟ್‌ಬೋರ್ಡ್ ಮೇಲೆ ಇಟ್ಟ 20 ಕಿಲೋ ಎರಡೂ ಚಕ್ರಗಳಿಗೆ ಹಂಚಿಹೋಗುತ್ತದೆ. ಅದೇ 20 ಕಿಲೋವನ್ನು ಸೀಟಿನ ಹಿಂದಿನ ಕ್ಯಾರಿಯರ್‌ಗೆ ಕಟ್ಟಿದರೆ ಹಿಂದಿನ ಅಚ್ಚಿಗಿಂತಲೂ ಆಚೆ ಬಿದ್ದು, ಹಿಂದಿನ ಚಕ್ರದ ಮೇಲಿನ ಭಾರ 20 ಕಿಲೋಗಿಂತ ಹೆಚ್ಚೇ ಆಗುತ್ತದೆ, ಮುಂದಿನ ಚಕ್ರ ಅಷ್ಟು ಹಗುರಾಗುತ್ತದೆ. ದಿನವೂ ಹೀಗೆ ಹೊರುವ ಸ್ಕೂಟರನ್ನು 3ನೇ ಹಂತದಲ್ಲೇ ಇಟ್ಟುಬಿಡುವುದು ಸರಿ. ಆದರೆ ಭಾನುವಾರ ಮಗಳು ಅದೇ ಸ್ಕೂಟರ್ ತೆಗೆದುಕೊಂಡು ಒಬ್ಬಳೇ ಹೊರಟರೆ ಹಿಂಭಾಗ ಕುಕ್ಕುವುದು ಯಾಕೆ ಎಂದು ಅವಳಿಗೂ ಗೊತ್ತಿರಲಿ. ಕ್ಯಾಟರಿಂಗ್ ಹೊರೆ ಕಂಪನಿ ಹೇಳಿದ ಗರಿಷ್ಠ ಭಾರ ಮೀರಿದರೆ ಯಾವ ಹಂತವೂ ನೆರವಿಗೆ ಬರುವುದಿಲ್ಲ. ಆ ಅಂಕಿ ಕೈಪಿಡಿಯಲ್ಲಿ ಇರುತ್ತದೆ.

ಪನ್ವೇಲ್‌ನಿಂದ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕ್ ಮೇಲೆಯೇ ಊರಿಗೆ ಹೊರಡುವ ಯುವಕರಿಗೂ ಇದೇ ಮಾತು. ಬ್ಯಾಗ್‌ಗಳನ್ನು ಸಾಧ್ಯವಾದಷ್ಟು ಮುಂದಕ್ಕೆ, ಕೆಳಕ್ಕೆ ಕಟ್ಟಿ, ಕಟ್ಟಿದ ಮೇಲೆ ಅಳೆಯಿರಿ. ಹೀರೋ ಎಕ್ಸ್‌ಪಲ್ಸ್ 200ರಂಥ ಬೈಕಿನಲ್ಲಿ ಹಿಂದೆ 170 ಮಿ.ಮೀ., ಹಳೆಯ ಹಿಮಾಲಯನ್ 411ರಲ್ಲಿ 180 ಮಿ.ಮೀ. ಚಲನೆ ಇರುವುದರಿಂದ ಹೊರೆ ಹೊತ್ತಾಗ ಅವು ಕುಸಿಯುವ ಪ್ರಮಾಣವೂ ದೊಡ್ಡದು.

ಟೈರ್ ಗಾಳಿಯನ್ನು ಮರೆತು ಸಸ್ಪೆನ್ಷನ್ ಹೊಂದಿಸಲು ಕೂರುವುದು ವ್ಯರ್ಥ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂಬ ಸ್ಟಿಕ್ಕರ್ ಬೈಕ್ ಮೇಲೆಯೇ ಅಂಟಿಸಿರುತ್ತಾರೆ. ಗುಂಡಿಯ ರಸ್ತೆ ಎಂದು ಗಾಳಿ ಕಡಿಮೆ ಮಾಡಿಸುವವರಿದ್ದಾರೆ. ಅಲಾಯ್ ಚಕ್ರದ ಅಂಚು ಸೀಳಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಡ್ಯಾಂಪಿಂಗ್ ಹಾಳಾದರೆ

ಸಾಮಾನ್ಯ ಬೈಕಿನಲ್ಲಿ ಡ್ಯಾಂಪಿಂಗ್ ಬದಲಿಸಲಾಗದು, ಆದರೆ ಪರೀಕ್ಷಿಸಬಹುದು. ಸೀಟಿನ ಹಿಂಭಾಗವನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಎಣ್ಣೆ ಸೋರಿದೆ ಅಥವಾ ಸೀಲ್ ಸವೆದಿದೆ. ಮುಂದಿನ ಫೋರ್ಕ್‌ನ ಹೊಳೆಯುವ ಕೊಳವೆಯ ಮೇಲೆ ಬೆರಳಾಡಿಸಿ, ಜಿಡ್ಡು ಹತ್ತಿದರೆ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಆ ಎಣ್ಣೆ ಬ್ರೇಕ್ ಡಿಸ್ಕ್ ಮೇಲೆ ಇಳಿದರೆ ಅಪಾಯ ಸಸ್ಪೆನ್ಷನ್‌ಗೆ ಮುಗಿಯುವುದಿಲ್ಲ.

‘ದಪ್ಪ ಎಣ್ಣೆ ಹಾಕಿದರೆ ಫೋರ್ಕ್ ಗಟ್ಟಿಯಾಗುತ್ತದೆ’ ಎಂಬ ಸಲಹೆ ಗ್ಯಾರೇಜ್‌ಗಳಲ್ಲಿ ಸಾಮಾನ್ಯ. ಜೋರಾಗಿ ಬ್ರೇಕ್ ಹಾಕಿದಾಗ ಮುಂಭಾಗ ಮುಗ್ಗರಿಸುವುದು ಅದರಿಂದ ನಿಧಾನವಾಗುತ್ತದೆ ನಿಜ. ಆದರೆ ಪೇವರ್ ಬ್ಲಾಕ್‌ನಂಥ ಸಾಲುಸಾಲು ಉಬ್ಬುಗಳ ಮೇಲೆ, ಒಂದು ಪೆಟ್ಟಿಗೆ ಕುಗ್ಗಿದ ಫೋರ್ಕ್ ಮತ್ತೆ ಚಾಚುವ ಮೊದಲೇ ಇನ್ನೊಂದು ಪೆಟ್ಟು ಬಿದ್ದು, ಅದು ಕುಗ್ಗಿದಲ್ಲೇ ಉಳಿದುಬಿಡುತ್ತದೆ. ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನು, ಹೇಳಿದ ಅಳತೆಯಲ್ಲಿ, ಎರಡೂ ಕಾಲಿಗೆ ಸಮವಾಗಿ ಹಾಕಿಸುವುದೇ ಸರಿ. ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುರುಕುವುದಂತೂ ಬೇಡವೇ ಬೇಡ, ಆ ಸುರುಳಿಗಳ ಕೆಲಸ ನಿಂತು ಉಳಿದವುಗಳ ಮೇಲೆ ಎಲ್ಲ ಒತ್ತಡ ಬೀಳುತ್ತದೆ. ಬೇರೆ ಬೈಕಿನ ಉದ್ದ ಶಾಕಪ್ ಹಾಕಿಸಿ ಎತ್ತರಿಸುವುದಾದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ನೆನಪಿರಲಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಅದು ನಿಷೇಧಿಸುತ್ತದೆ. ಪ್ರೀಲೋಡ್ ಬದಲಿಸುವುದು ಮಾರ್ಪಾಡು ಅಲ್ಲ.

ಎಟಿವಿಯಲ್ಲಿ ಲೆಕ್ಕ ಹೇಗೆ ಬೇರೆ?

ಹೋಂಡಾ 1970ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿಳಿಸಿದ ಮೂರು ಚಕ್ರದ ಯುಎಸ್ 90ಕ್ಕೆ, ಅಂದರೆ ಮುಂದೆ ಎಟಿಸಿ 90 ಎಂದು ಹೆಸರಾದ ವಾಹನಕ್ಕೆ, ಸಸ್ಪೆನ್ಷನ್ನೇ ಇರಲಿಲ್ಲ. ಬಲೂನಿನಂಥ ದೊಡ್ಡ ಟೈರುಗಳೇ ಪೆಟ್ಟು ನುಂಗುತ್ತಿದ್ದವು. ಇಂದಿಗೂ ಎಟಿವಿ ಟೈರಿನಲ್ಲಿ ಸಾಮಾನ್ಯವಾಗಿ 10 ಪಿಎಸ್‌ಐಗಿಂತ ಕಡಿಮೆ ಗಾಳಿ ಇರುತ್ತದೆ. ಹೀಗಾಗಿ ಒಂದು ಪಿಎಸ್‌ಐ ಹೆಚ್ಚುಕಡಿಮೆಯಾದರೂ ಸವಾರಿ ಬದಲಾಗುತ್ತದೆ, ಎಡ-ಬಲ ಟೈರುಗಳಲ್ಲಿ ವ್ಯತ್ಯಾಸವಿದ್ದರೆ ವಾಹನ ಒಂದು ಬದಿಗೆ ಎಳೆಯುತ್ತದೆ. ಎಟಿವಿಯಲ್ಲಿ ಯಾವ ಹೊಂದಾಣಿಕೆಯೂ ಗಾಳಿಯಿಂದಲೇ ಶುರುವಾಗಬೇಕು.

ಭಾರತದಲ್ಲಿ ಮಾರಾಟವಾಗುವ ಎಟಿವಿಗಳು ಸಾಮಾನ್ಯವಾಗಿ ಸಾರ್ವಜನಿಕ ರಸ್ತೆಗೆ ನೋಂದಣಿಯಾಗುವುದಿಲ್ಲ. ಹಾಗಾಗಿ ಥಾಣೆ, ನವಿ ಮುಂಬಯಿಯವರು ಇವನ್ನು ಕಾಣುವುದು ಅಲಿಬಾಗ್ ಬಳಿಯ ನಾಗಾಂವ್, ಕಾಶೀದ್ ಕಡಲತೀರಗಳಲ್ಲಿ, ಲೋನಾವಳ ಕಡೆಯ ಟ್ರ್ಯಾಕ್‌ಗಳಲ್ಲಿ, ಸ್ವಂತ ಫಾರ್ಮ್‌ಹೌಸ್‌ಗಳಲ್ಲಿ.

ಸ್ಯಾಗ್ ಅಳೆಯುವ ಕ್ರಮ ಬೈಕಿನಂತೆಯೇ. ಸಮತಟ್ಟಾದ ಜಾಗದಲ್ಲಿ ಜಾಕ್ ಕೊಟ್ಟು ಚಕ್ರಗಳು ತೂಗಾಡುವಂತೆ ಮಾಡಿ, ಬಳಿಕ ನೆಲಕ್ಕಿಳಿಸಿ, ಬಳಿಕ ಸವಾರನನ್ನು ಕೂರಿಸಿ, ಮುಂದೆಯೂ ಹಿಂದೆಯೂ ಅಳೆಯಬೇಕು. ಚಲನೆಯ ಮೂರನೇ ಒಂದು ಪಾಲು ಇಲ್ಲಿಯೂ ಒಳ್ಳೆಯ ಆರಂಭ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ರಂಥ ಎಟಿವಿಯ ತೂಕವೇ 300 ಕಿಲೋ ದಾಟುವುದರಿಂದ ಅದರಲ್ಲಿ ಸವಾರನ ತೂಕದ ಪಾಲು ಬೈಕಿಗಿಂತ ಚಿಕ್ಕದು. ಹಾಗೆಂದು ನಿರ್ಲಕ್ಷಿಸುವಂತಿಲ್ಲ. ಬೈಕ್ ತಿರುವಿನಲ್ಲಿ ವಾಲುತ್ತದೆ, ಎಟಿವಿ ವಾಲುವುದಿಲ್ಲ. ಅದರ ಬದಲು ಸವಾರನೇ ದೇಹವನ್ನು ಒಳಕ್ಕೆ ಬಾಗಿಸಬೇಕು. ಪ್ರೀಲೋಡ್ ಏರಿಸಿ ವಾಹನವನ್ನು ಅನಗತ್ಯವಾಗಿ ಎತ್ತರಿಸಿದರೆ ಗುರುತ್ವ ಕೇಂದ್ರ ಮೇಲಕ್ಕೆ ಹೋಗಿ, ಅಡ್ಡ ಇಳಿಜಾರಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಹಿಂಭಾಗ ಬಹಳ ಕುಸಿದಿದ್ದರೆ ಏರಿನಲ್ಲಿ ಮುಂದಿನ ಚಕ್ರಗಳು ಎದ್ದುಬಿಡುತ್ತವೆ. ಮುಂಭಾಗ ತೀರಾ ತಗ್ಗಿದ್ದರೆ ಮೆತ್ತನೆಯ ಮರಳಿನಲ್ಲಿ ಮೂತಿ ಹೂತು ಹ್ಯಾಂಡಲ್ ಕಸಿಯುತ್ತದೆ.

ಓಡಿಸುವ ಶೈಲಿಗೂ ಇಲ್ಲಿ ಹೆಚ್ಚಿನ ಬೆಲೆ. ತೋಟದಲ್ಲಿ ನಿಧಾನವಾಗಿ ಕಲ್ಲು-ಬೇರು ದಾಟುವವರಿಗೆ ಮೆತುವಾದ ಹೊಂದಾಣಿಕೆ ಸಾಕು. ಹಿಂದಿನ ರ‍್ಯಾಕ್ ಮೇಲೆ ಗೊಬ್ಬರದ ಚೀಲ ಹೇರುವವರು ಹಿಂದಿನ ಪ್ರೀಲೋಡ್ ಏರಿಸಿ, ಇಳಿಸಿದ ಮೇಲೆ ಮರಳಿ ತಗ್ಗಿಸಬೇಕು. ದಿಬ್ಬ ಹಾರಿಸುವ ಕ್ರೀಡಾ ಎಟಿವಿಗಳಲ್ಲಿ ಕಂಪ್ರೆಷನ್, ರೀಬೌಂಡ್ ಎರಡಕ್ಕೂ ಪ್ರತ್ಯೇಕ ತಿರುಪುಗಳಿರುತ್ತವೆ. ಕಂಪ್ರೆಷನ್ ಕುಗ್ಗುವ ವೇಗವನ್ನೂ, ರೀಬೌಂಡ್ ಮರಳಿ ಚಾಚುವ ವೇಗವನ್ನೂ ಹಿಡಿದಿಡುತ್ತದೆ. ನೆಲಕ್ಕೆ ಬಿದ್ದಾಗ ತಳ ಬಡಿದರೆ ಕಂಪ್ರೆಷನ್ ಒಂದೆರಡು ಕ್ಲಿಕ್ ಬಿಗಿ ಮಾಡಿ. ಬಿದ್ದ ಮೇಲೆ ಹಿಂಭಾಗ ಒದ್ದಂತೆ ಮೇಲೆದ್ದರೆ ರೀಬೌಂಡ್ ಬಿಗಿ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ದಾರಿಯಲ್ಲಿ ಮತ್ತೆ ಓಡಿಸಿ ನೋಡಿ.

ಬಾಡಿಗೆ ಎಟಿವಿಯ ಸಮಸ್ಯೆ ಬೇರೆ. ಅರ್ಧ ಗಂಟೆ ಹಿಂದೆ 50 ಕಿಲೋದವರು ಓಡಿಸಿದ ವಾಹನಕ್ಕೆ ಈಗ 95 ಕಿಲೋದವರು ಮಗುವನ್ನು ಮುಂದೆ ಕೂರಿಸಿಕೊಂಡು ಹತ್ತುತ್ತಾರೆ. ಪ್ರತಿ ಗಿರಾಕಿಗೂ ಶಾಕಪ್ ಹೊಂದಿಸುವುದು ಆಗದ ಮಾತು. ಒಬ್ಬರಿಗಾಗಿ ಮಾಡಿದ ಎಟಿವಿಯ ಉದ್ದ ಸೀಟು ಇಬ್ಬರಿಗಲ್ಲ, ಸವಾರ ಹಿಂದೆ-ಮುಂದೆ, ಅಕ್ಕ-ಪಕ್ಕ ಜರುಗಲು ಇರುವ ಜಾಗ. ಹತ್ತುವ ಮುನ್ನ ಎರಡೂ ಬದಿಯನ್ನು ಒತ್ತಿ ನೋಡಿ, ಒಂದು ಕಡೆ ಹೆಚ್ಚು ಕುಸಿದರೆ ಬೇರೆ ವಾಹನ ಕೇಳಿ. ದೊಡ್ಡವರ ಎಟಿವಿಯನ್ನು 16 ವರ್ಷದೊಳಗಿನವರಿಗೆ ಕೊಡಬಾರದು ಎಂದು ಅಮೆರಿಕದಲ್ಲಿ ತಯಾರಕರೇ ಎಚ್ಚರಿಸುತ್ತಾರೆ.

ತೂಕಕ್ಕೆ ತಕ್ಕ ಹೊಂದಾಣಿಕೆಯನ್ನು ಪಾಠದಂತೆ ಕಲಿಯುವವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಇಂದೋರ್ ಬಳಿಯ ಪೀಥಂಪುರದಲ್ಲಿ 2007ರಲ್ಲಿ ಆರಂಭವಾದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗಾಗಿ ದೇಶದ ಕಾಲೇಜುಗಳ ತಂಡಗಳು ಒಬ್ಬರೇ ಕೂರುವ ಬಗ್ಗಿ ಕಟ್ಟುತ್ತವೆ, ವಿದ್ಯಾರ್ಥಿಗಳು ಅದನ್ನೂ ಎಟಿವಿ ಎಂದೇ ಕರೆಯುತ್ತಾರೆ. ನಾಲ್ಕು ಗಂಟೆಗಳ ಎಂಡ್ಯೂರೆನ್ಸ್ ಓಟದಲ್ಲಿ ಚಾಲಕರು ಬದಲಾಗಬಹುದು. ದಪ್ಪಗಿರುವ ಒಬ್ಬ ಇಳಿದು ತೆಳ್ಳಗಿನ ಇನ್ನೊಬ್ಬಳು ಹತ್ತಿದರೆ ಹಿಂದಿನ ಹೊಂದಾಣಿಕೆ ತಪ್ಪುತ್ತದೆ. ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬುವ ಶಾಕಪ್‌ಗಳನ್ನು ಹಲವು ತಂಡಗಳು ಇಷ್ಟಪಡುವುದಕ್ಕೆ ಹಗುರ ತೂಕದ ಜೊತೆಗೆ ಇದೂ ಒಂದು ಕಾರಣ. ಕೈಪಂಪಿನಿಂದ ಒತ್ತಡ ಬದಲಿಸಿದರೆ ಕೆಲವೇ ನಿಮಿಷಗಳಲ್ಲಿ ವಾಹನ ಹೊಸ ಚಾಲಕರಿಗೆ ಸಿದ್ಧ.

ಎಷ್ಟರ ಮಟ್ಟಿಗೆ ಉಪಯೋಗ?

ಅರ್ಧ ಅಡಿ ಆಳದ, ನೀರು ತುಂಬಿದ ಗುಂಡಿಗೆ 50 ಕಿ.ಮೀ. ವೇಗದಲ್ಲಿ ಇಳಿದರೆ ಅತ್ಯುತ್ತಮ ಹೊಂದಾಣಿಕೆಯೂ ಕಾಪಾಡದು. 110 ಮಿ.ಮೀ. ಚಲನೆಯ ಶಾಕಪ್ 150 ಮಿ.ಮೀ. ಆಳವನ್ನು ನುಂಗುವುದಿಲ್ಲ. ಗುಂಡಿಯ ಹೊಣೆ ರಸ್ತೆ ನೋಡಿಕೊಳ್ಳುವವರದೇ. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್, ಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್‌ನಿಂದ ಮೃತಪಟ್ಟವರ ಕುಟುಂಬಕ್ಕೆ 6 ಲಕ್ಷ ರೂ., ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷ ರೂ. ಪರಿಹಾರ ನೀಡಬೇಕೆಂದು ಆದೇಶಿಸಿತು. ಅಪಘಾತವಾದರೆ ಗುಂಡಿಯ ಫೋಟೊ, ಜಾಗದ ಗುರುತು, ಆಸ್ಪತ್ರೆಯ ದಾಖಲೆ, ಪೊಲೀಸ್ ದೂರಿನ ಪ್ರತಿ ಇಟ್ಟುಕೊಳ್ಳುವುದು ಈ ಕಾರಣಕ್ಕೆ ಮುಖ್ಯ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಮತ್ತೆ ಅಳೆಯಿರಿ. ಹಂತ ಬದಲಿಸದೆಯೇ ಸ್ಯಾಗ್ ಜೂನ್‌ನಲ್ಲಿದ್ದುದಕ್ಕಿಂತ ಹೆಚ್ಚಾಗಿದ್ದರೆ ಸ್ಪ್ರಿಂಗ್ ಸೋತಿದೆ ಎಂದು ತಿಳಿಯಬೇಕು. ಸಾಮಾನ್ಯ ಬೈಕುಗಳ ಹಿಂಬದಿ ಶಾಕಪ್ ಬಿಚ್ಚಿ ದುರಸ್ತಿ ಮಾಡುವಂತೆ ರೂಪಿಸಿದ್ದಲ್ಲ, ಹೊಸದನ್ನೇ ಹಾಕಬೇಕು. ಒಂದೇ ಸೋರಿದ್ದರೂ ಎರಡನ್ನೂ ಜೋಡಿಯಾಗಿ ಬದಲಿಸಿ. ಹೊಸದನ್ನು ಹಾಕಿಸಿ ಗ್ಯಾರೇಜಿನಿಂದ ಹೊರಡುವ ಮುನ್ನ ಎರಡೂ ಬಳೆಗಳು ಒಂದೇ ಹಂತದಲ್ಲಿವೆಯೇ ಎಂದು ಬಾಗಿ ನೋಡಿ, ಒಬ್ಬರಿಗೆ ಯಾವ ಹಂತ, ಇಬ್ಬರಿಗೆ ಯಾವ ಹಂತ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿಡಿ.